ಚೆನೊವೆತ್ ಅಂದರೆ ಹೊಸಮನಿ: ಒಂದು ಅಡ್ಡಹೆಸರಿನ ಹಿಂದೆ ಹದಿನಾಲ್ಕು ತಿಂಗಳು

ನಮ್ಮ ಅತ್ತೆಯ ತವರಿನ ಅಡ್ಡಹೆಸರು ಚೆನೊವೆತ್. ಅವರು ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಹುಟ್ಟಿ ಬೆಳೆದ ಆಂಗ್ಲೋ ಇಂಡಿಯನ್. ಅವರ ಅಜ್ಜ ಇಂಗ್ಲೆಂಡಿನಿಂದ ಚಿನ್ನದ ಗಣಿ ಕೆಲಸಕ್ಕೆ ಬಂದವರು ಅನ್ನೋದು ಬಿಟ್ಟರೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. 2024ರ ಜೂನ್‌ನಲ್ಲಿ ಅವರು ಇಂಗ್ಲೆಂಡಿನ ರೆಡಿಂಗ್‌ನ ನಮ್ಮ ಮನೆಗೆ ಬಂದಿದ್ದರು. ವಾಪಸ್ ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸ್ ತುಂಬುತ್ತಾ ಹೇಳಿದರು: "ಈ ಹೆಸರು ಯಾವ ಊರಿಂದು, ಅದಕ್ಕೆ ಏನರ್ಥ, ಸ್ವಲ್ಪ ನೋಡಿ ಹೇಳು ಕಣ್ಣು. ನಾನಿರುವಾಗಲೇ."

ಎರಡು ವಾರದ ಕೆಲಸ ಅಂದುಕೊಂಡೆ. ಮುಗಿದಿದ್ದು ಈ ಆಗಸ್ಟ್‌ನಲ್ಲಿ. ಕೋಲಾರ, ಬೆಂಗಳೂರು, ವೈಟ್‌ಫೀಲ್ಡ್ ಕಡೆ ಇಂಥ ಹೆಸರಿನ ಮನೆಗಳು ಇನ್ನೂ ಇವೆ. ಅವರ ಮಕ್ಕಳು ಮೊಮ್ಮಕ್ಕಳು ನನ್ನ ಹಾಗೆ ತಡಕಾಡಬಾರದು ಅಂತ ನಡೆದಿದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಅತ್ತೆಯನ್ನೇ ಕೂರಿಸಿಕೊಂಡು ಕೇಳಬೇಕಿತ್ತು. ಅದನ್ನು ಮಾಡದೆ ಅವರು ಹೋದ ಮೇಲೆ ಲ್ಯಾಪ್‌ಟಾಪ್ ತೆಗೆದೆ. ಹೆಸರು ಟೈಪ್ ಮಾಡಿದ ತಕ್ಷಣ ಬಂದಿದ್ದು ವಂಶಲಾಂಛನ ಮಾರುವ ಅಂಗಡಿಗಳು. ಮಗ್ ಮೇಲೆ, ಫ್ರೇಮ್ ಒಳಗೆ, ಕೀ ಚೈನಿನಲ್ಲಿ ಲಾಂಛನ. ಅವನ್ನು ಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ, ಅವನ ನಂತರ ಅವನ ಸಂತತಿಗೆ. ಒಂದು ಅಡ್ಡಹೆಸರಿನವರಿಗೆಲ್ಲ ಸೇರಿದ ಲಾಂಛನ ಅಂತ ಒಂದಿಲ್ಲ.

ಆಮೇಲೆ ಅತ್ತೆಗೆ ವಿಡಿಯೋ ಕಾಲ್ ಮಾಡಿ ಹಳೇ ಟ್ರಂಕ್ ತೆಗೆಸಿದೆ. ಅದರಲ್ಲಿ ಒಂದು ಕೀರ್ತನೆಗಳ ಪುಸ್ತಕವಿತ್ತು, ಮೆಥಡಿಸ್ಟ್ ಅನ್ನೋ ಪ್ರೊಟೆಸ್ಟಂಟ್ ಪಂಗಡದ್ದು. ಅಂಗೈಯಷ್ಟು ಅಗಲ. ರಟ್ಟಿನ ಕಪ್ಪು ಬಣ್ಣ ಮೂಲೆಗಳಲ್ಲಿ ಸುಲಿದಿತ್ತು. ಒಳಪುಟದಲ್ಲಿ ಕಂದು ಬಣ್ಣಕ್ಕೆ ತಿರುಗಿದ ಶಾಯಿಯಲ್ಲಿ ಅಜ್ಜನ ಹೆಸರು, ಕೆಳಗೆ 'ರೆಡ್ರೂತ್, ಫೆಬ್ರವರಿ 1891'. ಅತ್ತೆ ಅದನ್ನು ಕ್ಯಾಮೆರಾ ಹತ್ತಿರ ಹಿಡಿದರು. ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಊರಿನ ಹೆಸರು ಸಿಕ್ಕಿತಲ್ಲ ಅನ್ನೋ ಖುಷಿಯಲ್ಲಿ ಇನ್ನೊಂದನ್ನು ಗಮನಿಸಲೇ ಇಲ್ಲ. ಅತ್ತೆಯ ಶಾಲೆ ಸರ್ಟಿಫಿಕೇಟಿನಲ್ಲಿ ಹೆಸರಿನ ಮೂರನೇ ಇಂಗ್ಲಿಷ್ ಅಕ್ಷರ 'ಇ'. ಪುಸ್ತಕದಲ್ಲಿ ಆ ಜಾಗದಲ್ಲಿ 'ವೈ' ಇತ್ತು. ಆ ಒಂದು ಅಕ್ಷರಕ್ಕೆ ಐದು ತಿಂಗಳು ಹೋಯಿತು.

ರೆಡ್ರೂತ್ ಇರೋದು ಕಾರ್ನ್‌ವಾಲ್‌ನಲ್ಲಿ. ನಕ್ಷೆಯಲ್ಲಿ ಇಂಗ್ಲೆಂಡಿನ ನೈಋತ್ಯಕ್ಕೆ ಸಮುದ್ರಕ್ಕೆ ಕಾಲು ಚಾಚಿದ ಹಾಗೆ ಕಾಣುವ ತುದಿ. ತವರ, ತಾಮ್ರದ ಗಣಿಗಳ ನಾಡು. 1860ರ ದಶಕದಲ್ಲಿ ತಾಮ್ರದ ಬೆಲೆ ಕುಸಿದು ಗಣಿಗಳು ಒಂದೊಂದಾಗಿ ಮುಚ್ಚಿದವು. ಕೆಲಸ ಬಲ್ಲ ಗಂಡಸರು ಹಡಗು ಹತ್ತಿದರು. ದಕ್ಷಿಣ ಆಸ್ಟ್ರೇಲಿಯಾದ ಮೂಂಟಾ, ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿ, ಮೆಕ್ಸಿಕೋದ ಪಚೂಕಾ, ದಕ್ಷಿಣ ಆಫ್ರಿಕಾ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಗಣಿಗಳನ್ನು ಕೈಗೆತ್ತಿಕೊಂಡ ಮೇಲೆ ನಮ್ಮ ಕೆಜಿಎಫ್‌ಗೂ ಬಂದರು. ಹಾಗಾಗಿ ಅಪರೂಪದ ಕಾರ್ನಿಷ್ ಅಡ್ಡಹೆಸರು ಜಗತ್ತಿನಲ್ಲಿ ಎಲ್ಲೆಲ್ಲಿ ಕಾಣುತ್ತೆ ಅಂತ ಗುರುತು ಹಾಕುತ್ತಾ ಹೋದರೆ, ಅದು ಹಳೇ ಗಣಿಗಳ ನಕ್ಷೆಯ ಹಾಗೇ ಕಾಣುತ್ತೆ.

ಎರಡನೇ ಹಂತ ಭಾರತದ ದಾಖಲೆ. ಇಲ್ಲಿ ಒಂದು ವಿಷಯ ನೆನಪಿಡಿ. ಕೆಜಿಎಫ್ ಮೈಸೂರು ಸಂಸ್ಥಾನದಲ್ಲಿತ್ತು, ಆದರೆ ಅಲ್ಲಿನ ಬ್ರಿಟಿಷರ ಮದುವೆ, ದೀಕ್ಷಾಸ್ನಾನ, ಸಾವಿನ ದಾಖಲೆಗಳನ್ನು ಮದ್ರಾಸ್ ಪ್ರಾಂತ್ಯದ ಕಟ್ಟುಗಳಲ್ಲಿ ಹುಡುಕಬೇಕು. ಚರ್ಚಿನಲ್ಲಿ ಬರೆದದ್ದರ ಒಂದು ಪ್ರತಿ ಮದ್ರಾಸಿಗೆ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಆ ಕಟ್ಟುಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬಹಳಷ್ಟು ಸ್ಕ್ಯಾನ್ ಆಗಿವೆ. ನಾನು ಮೈಸೂರು ಅಂತ ಹುಡುಕಿ ಒಂದು ತಿಂಗಳು ಹಾಳು ಮಾಡಿದೆ.

ಮದ್ರಾಸ್ ಅಂತ ಹುಡುಕಿದರೂ ಮದುವೆ ದಾಖಲೆ ಸಿಗಲಿಲ್ಲ. ದುಡ್ಡು ಕಟ್ಟಿ ನೋಡುವ ಒಂದು ಜಾಲತಾಣದಲ್ಲಿ ಚಂದಾ ತೆಗೆದುಕೊಂಡಿದ್ದೆ. ಕೊನೆಗೆ ಅಡ್ಡಹೆಸರನ್ನೇ ಬಿಟ್ಟು, ಬರೀ ಅಜ್ಜನ ಮೊದಲ ಹೆಸರು, ವರ್ಷ, ಜಾಗ ಹಾಕಿ ಹುಡುಕಿದೆ. ಆಗ ಸಿಕ್ಕಿತು. ಸೂಚಿಯನ್ನು ತಯಾರು ಮಾಡಿದವರು ಕೊನೆಯ ಅಕ್ಷರಗಳನ್ನು ತಪ್ಪಾಗಿ ಓದಿ 'ಚೆನೊವರ್ತ್' ಅಂತ ಬರೆದಿದ್ದರು. ಅಪರೂಪದ ಹೆಸರಿನ ಕಷ್ಟವೇ ಇದು. ಸ್ಮಿತ್ ಅನ್ನೋದನ್ನು ಯಾರೂ ತಪ್ಪಾಗಿ ಓದಲ್ಲ. ಕೇಳದೇ ಇರೋ ಹೆಸರನ್ನು ಕೇಳಿದ ಹೆಸರಿನ ಹತ್ತಿರಕ್ಕೆ ಎಳೆದುಬಿಡುತ್ತಾರೆ.

1899ರ ಮದುವೆ. ವಯಸ್ಸು 30, ವೃತ್ತಿ ಗಣಿ. ತಂದೆಯ ಹೆಸರೂ ಇತ್ತು, ಅವರ ವೃತ್ತಿಯೂ ಗಣಿ. ಅತ್ತೆಗೆ ಅವತ್ತೇ ಫೋನ್ ಮಾಡಿ ಅವರ ಮುತ್ತಜ್ಜನ ಹೆಸರು ಓದಿ ಹೇಳಿದೆ. ಎಪ್ಪತ್ತನಾಲ್ಕು ವರ್ಷಕ್ಕೆ ಮೊದಲ ಸಲ ಕೇಳುತ್ತಿದ್ದರು. ಎರಡು ಸಲ ಹೇಳಿಸಿಕೊಂಡು ಕ್ಯಾಲೆಂಡರಿನ ಮೇಲೆ ಬರೆದಿಟ್ಟರು.

ಚಂದಾ ಕಟ್ಟುವ ಮೊದಲು ನಿಮ್ಮೂರಿನ ಸಾರ್ವಜನಿಕ ಲೈಬ್ರರಿಯಲ್ಲಿ ವಿಚಾರಿಸಿ. ಇಂಗ್ಲೆಂಡಿನ ಎಷ್ಟೋ ಲೈಬ್ರರಿಗಳ ಕಂಪ್ಯೂಟರಿನಲ್ಲಿ ಇಂಥ ದುಡ್ಡಿನ ಜಾಲತಾಣಗಳನ್ನು ಪುಕ್ಕಟೆ ನೋಡಬಹುದು. ಭಾರತದಲ್ಲಿ ಇರುವವರಿಗೆ ಫಿಬಿಸ್ ಅನ್ನೋ ಬ್ರಿಟಿಷ್ ಇಂಡಿಯಾ ಕುಟುಂಬಗಳ ಸಂಘದ ಹುಡುಕಾಟ, ಫ್ರೀಬಿಎಂಡಿ, ಫ್ಯಾಮಿಲಿಸರ್ಚ್ ಅನ್ನೋ ಜಾಲತಾಣಗಳು ಇವೆ. ಇವು ಉಚಿತ.

ಮೂರನೇ ಹಂತ ಹುಟ್ಟಿನ ದಾಖಲೆ. ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾಗಿದ್ದು 1837ರ ಜುಲೈ 1ರಂದು. 1869ರ ಸುಮಾರಿಗೆ ರೆಡ್ರೂತ್ ಜಿಲ್ಲೆಯಲ್ಲಿ ಅದೇ ಹೆಸರಿನ ಒಬ್ಬ ಹುಡುಗ ಸಿಕ್ಕಿದ. 12.50 ಪೌಂಡ್ ಕಟ್ಟಿ ಸರ್ಟಿಫಿಕೇಟ್ ತರಿಸಿದೆ. ಲಕೋಟೆ ಒಂದು ವಾರಕ್ಕೆ ಬಂತು. ಬೂಟು ಬಿಚ್ಚದೆ ಬಾಗಿಲಲ್ಲೇ ಹರಿದು ನೋಡಿದೆ. ತಂದೆಯ ಹೆಸರು ಬೇರೆ. ವೃತ್ತಿ ಚಮ್ಮಾರಿಕೆ. ಇವರಲ್ಲ.

ಅಲ್ಲಿಂದ ನವೆಂಬರ್‌ವರೆಗೆ ಸುಮ್ನೆ ಇದ್ದೆ. ಮನಸ್ಸೇ ಬರಲಿಲ್ಲ. ಒಂದು ಭಾನುವಾರ ಫೋನಿನ ಫೋಟೋಗಳನ್ನು ಅಳಿಸುವಾಗ ಆ ಕೀರ್ತನೆ ಪುಸ್ತಕದ ಸ್ಕ್ರೀನ್‌ಶಾಟ್ ಕಣ್ಣಿಗೆ ಬಿತ್ತು. ದೊಡ್ಡದು ಮಾಡಿ ನೋಡಿದೆ. 'ವೈ'. ಅವರೇ ತಮ್ಮ ಕೈಯಾರೆ ಬರೆದುಕೊಂಡ ಹೆಸರು 'ಚೈನೊವೆತ್' ಅನ್ನುವ ಹಾಗಿತ್ತು. ಆ ಅಕ್ಷರ ಹಾಕಿ ಹುಡುಕಿದೆ. ಅದೇ ಜಿಲ್ಲೆ, ಅದೇ ವರ್ಷ, ಅದೇ ಮೊದಲ ಹೆಸರು, ಇನ್ನೊಬ್ಬ ಹುಡುಗ. ಈ ಸಲ ಸರ್ಟಿಫಿಕೇಟ್ ತರಿಸಲಿಲ್ಲ. ಅಷ್ಟು ಹಳೆಯ ಜನನ ದಾಖಲೆಯ ಚಿತ್ರ 3 ಪೌಂಡಿಗೆ ಕೂಡಲೇ ಸಿಗುತ್ತೆ ಅನ್ನೋದು ಅಷ್ಟರಲ್ಲಿ ಗೊತ್ತಾಗಿತ್ತು. ತಂದೆಯ ಹೆಸರು ಸರಿ ಇತ್ತು. ವೃತ್ತಿ ತವರದ ಗಣಿ.

ನಿಮಗೂ ಇದನ್ನೇ ಹೇಳೋದು. ಸರ್ಕಾರಿ ನೋಂದಣಿ ಕಚೇರಿಯ ಸ್ವಂತ ಸೂಚಿಯಲ್ಲಿ ಉಚಿತವಾಗಿ ಹೆಸರು ನೋಂದಾಯಿಸಿ ಹುಡುಕಿ. ಅಲ್ಲಿ ಮಗುವಿನ ತಾಯಿಯ ತವರಿನ ಅಡ್ಡಹೆಸರೂ ಕಾಣುತ್ತೆ. ಹುಟ್ಟಿಗೆ ಅಗ್ಗದ ಚಿತ್ರ ಸಾಕು. ಮದುವೆಗೆ ಆ ಸೌಲಭ್ಯ ಇಲ್ಲ, ಪೂರ್ತಿ ಸರ್ಟಿಫಿಕೇಟನ್ನೇ ತರಿಸಬೇಕು. ಕಾಗುಣಿತದ ಎಲ್ಲ ರೂಪಗಳನ್ನೂ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಗಿನ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದರು.

ಇದಾದ ಮೇಲೆ ಜನಗಣತಿ ಸಲೀಸು. 1871ರಲ್ಲಿ ಅಜ್ಜ ಎರಡು ವರ್ಷದ ಕೂಸು. 1881ರ ಏಪ್ರಿಲ್ 3ರಂದು ಹನ್ನೆರಡು ವರ್ಷದ ಹುಡುಗ, ವೃತ್ತಿಯ ಕಾಲಂನಲ್ಲಿ ಆಗಲೇ ಗಣಿಯ ಮೇಲ್ಗಡೆ ಅದಿರು ತೊಳೆಯುವ ಕೆಲಸ. ನನ್ನ ಮಗನಿಗೂ ಈಗ ಹನ್ನೆರಡು. ಆ ಸಾಲನ್ನು ಓದಿ ಸ್ವಲ್ಪ ಹೊತ್ತು ಎದ್ದು ಹೋದೆ. 1891ರ ಏಪ್ರಿಲ್ 5ರ ಗಣತಿಯಲ್ಲಿ ತಾಯಿ ಇದ್ದಾರೆ, ಇಬ್ಬರು ತಂಗಿಯರಿದ್ದಾರೆ, ಅವರಿಲ್ಲ. ಪುಸ್ತಕದಲ್ಲಿ ಹೆಸರು ಬರೆದುಕೊಂಡಿದ್ದು ಫೆಬ್ರವರಿಯಲ್ಲಿ. ಆ ಎರಡು ತಿಂಗಳ ನಡುವೆ ಮನೆ ಬಿಟ್ಟಿದ್ದರು.

1881ರ ಗಣತಿಯಿಂದ ಅಡ್ಡಹೆಸರುಗಳ ಹಂಚಿಕೆಯ ನಕ್ಷೆಗಳನ್ನು ಮಾಡಿದ್ದಾರೆ. ಈ ಹೆಸರು ಹಾಕಿದರೆ ಇಡೀ ಬ್ರಿಟನ್ ಬೆಳ್ಳಗೆ ಉಳಿದು ಕಾರ್ನ್‌ವಾಲ್ ಮಾತ್ರ ಕಡುಬಣ್ಣಕ್ಕೆ ತಿರುಗುತ್ತೆ. 'ವೈ' ಇರುವ ರೂಪ ಕಾರ್ನ್‌ವಾಲ್‌ನಲ್ಲಿ ಹೆಚ್ಚು ಉಳಿದಿದೆ. ಅಮೆರಿಕದಲ್ಲಿ 'ಇ' ರೂಪವೇ ಜಾಸ್ತಿ. ಅಲ್ಲಿಗೆ ಈ ಹೆಸರು ಗಣಿಯವರಿಗಿಂತ ತುಂಬ ಮೊದಲು, 18ನೇ ಶತಮಾನದ ಶುರುವಿನಲ್ಲೇ, ಮೇರಿಲ್ಯಾಂಡ್‌ಗೆ ಹೋಗಿತ್ತು. ಉಚ್ಚಾರವೂ ಬದಲಾಗಿದೆ. ಅಮೆರಿಕದವರು ಮೊದಲ ಅಕ್ಷರವನ್ನು ಒತ್ತಿ ಹೇಳುತ್ತಾರೆ. ಕಾರ್ನ್‌ವಾಲ್‌ನವರು 'ನೊ' ಮೇಲೆ ಒತ್ತು ಕೊಡುತ್ತಾರೆ.

ಎಲ್ಲಿ ಅನ್ನೋದು ಗೊತ್ತಾಯಿತು. ಏನರ್ಥ ಅನ್ನೋದು ಬಾಕಿ ಇತ್ತು. ಅದಕ್ಕೂ ಒಂದು ಡಿಕ್ಷನರಿ ತೆಗೆದರೆ ಆಗುತ್ತಿತ್ತು. ಆದರೆ 1837ಕ್ಕಿಂತ ಹಿಂದಿನ ಚರ್ಚಿನ ದಾಖಲೆಗಳಿಗೆ ಹೇಗೂ ರೆಡ್ರೂತ್‌ಗೆ ಹೋಗಲೇಬೇಕಿತ್ತು. ಎಲ್ಲವನ್ನೂ ಅಲ್ಲೇ ಕೇಳೋಣ ಅಂತ ಇಟ್ಟುಕೊಂಡೆ.

ಈ ವರ್ಷ ಮೇ ತಿಂಗಳಲ್ಲಿ ಮೂರು ದಿನ ರಜೆ ಹಾಕಿ ರೈಲು ಹತ್ತಿದೆ. ಪ್ಲಿಮತ್ ದಾಟಿದ ಮೇಲೆ ಟೇಮರ್ ನದಿಯ ಮೇಲೆ ಬ್ರುನೆಲ್ ಅನ್ನೋ ಎಂಜಿನಿಯರ್ ಕಟ್ಟಿದ ಸೇತುವೆ ಬರುತ್ತೆ, 1859ರದ್ದು. ರೈಲು ಅಲ್ಲಿ ನಿಧಾನ ಆಗುತ್ತೆ. ಆ ಕಡೆ ದಡದಿಂದ ಕಾರ್ನ್‌ವಾಲ್, ಊರಿನ ಹೆಸರುಗಳೇ ಬೇರೆ. ತ್ರೆ, ಪೋಲ್, ಪೆನ್ ಅಂತ ಶುರುವಾಗುತ್ತವೆ. ತ್ರೆ ಅಂದರೆ ಹಟ್ಟಿ, ಪೋಲ್ ಅಂದರೆ ಮಡು, ಪೆನ್ ಅಂದರೆ ತಲೆ ಅಥವಾ ತುದಿ. ಹೆಸರಿನ ಮೊದಲಲ್ಲಿ ಇವುಗಳಲ್ಲಿ ಒಂದಿದ್ದರೆ ಕಾರ್ನ್‌ವಾಲ್‌ನವರು ಅಂತ ತಿಳೀರಿ ಅನ್ನೋ ಗಾದೆ 1602ರಲ್ಲೇ ಅಚ್ಚಾಗಿತ್ತು. ರೆಡ್ರೂತ್ ಸ್ಟೇಷನ್ನಿನಲ್ಲಿ ಬೋರ್ಡು ಎರಡು ಭಾಷೆಯಲ್ಲಿದೆ, ಇಂಗ್ಲಿಷ್ ಮತ್ತು ಕಾರ್ನ್‌ವಾಲ್‌ನ ಹಳೇ ಭಾಷೆಯಾದ ಕಾರ್ನಿಷ್.

ದಾಖಲೆಗಳ ಮನೆಯ ಹೆಸರು ಕ್ರೆಸೆನ್ ಕರ್ನೋ, ಅಂದರೆ ಕಾರ್ನ್‌ವಾಲ್ ಕೇಂದ್ರ. ಹಳೇ ಬಿಯರ್ ಕಾರ್ಖಾನೆಯ ಕಟ್ಟಡವನ್ನು ಸರಿಮಾಡಿ 2019ರಲ್ಲಿ ತೆರೆದದ್ದು. ಬೇಕಾದ ಕಡತಗಳನ್ನು ಮುಂಚೆಯೇ ಹೇಳಿಟ್ಟು ಹೋಗಿ. ಗುರುತಿನ ಚೀಟಿ, ವಿಳಾಸದ ಪುರಾವೆ ಎರಡೂ ಇರಲಿ. ಪೆನ್ ಬೇಡ, ಪೆನ್ಸಿಲ್ ಇಟ್ಟುಕೊಳ್ಳಿ.

ಮೇಜಿನ ಮೇಲೆ ನನಗಾಗಿ 1840ರ ಸುಮಾರಿನ ಒಂದು ಜಮೀನು ನಕ್ಷೆ ಹರಡಿದ್ದರು. ಚರ್ಚಿನ ದಶಾಂಶ ತೆರಿಗೆಗಾಗಿ ಮಾಡಿಸಿದ್ದು. ಒಂದೊಂದು ಹೊಲಕ್ಕೂ ನಂಬರ್, ಜೊತೆಗಿನ ಪಟ್ಟಿಯಲ್ಲಿ ಯಾರ ಹೊಲ, ಯಾರು ಉಳುತ್ತಾರೆ, ಹೊಲದ ಹೆಸರೇನು ಅನ್ನೋದೆಲ್ಲ ಇತ್ತು. ಎಷ್ಟೋ ಹೊಲಗಳ ಹೆಸರು ಪಾರ್ಕ್ ಅಂತ ಶುರುವಾಗುತ್ತಿತ್ತು. ಕಾರ್ನಿಷ್‌ನಲ್ಲಿ ಪಾರ್ಕ್ ಅಂದರೆ ಬೇಲಿ ಹಾಕಿದ ಹೊಲ. ನಕ್ಷೆ ಸುರುಳಿ ಸುತ್ತಿಕೊಳ್ಳದ ಹಾಗೆ ಅಂಚಿಗೆ ಉದ್ದನೆಯ ಸೀಸದ ಸರ ಇಟ್ಟಿದ್ದರು, ಬಟ್ಟೆ ಹೊದಿಸಿದ್ದು. ಅದನ್ನು ಸರಿಸಿದಾಗ ಕೆಳಗೆ ಒಂದು ಪುಟ್ಟ ಹೊಲಮನೆ, ಕೆಂಪು ಚೌಕ. ಪಕ್ಕದಲ್ಲಿ ಆ ಹೆಸರು. ಚೈನೊವೆತ್.

ಅಲ್ಲಿನ ಸಿಬ್ಬಂದಿಯೊಬ್ಬರು, ವಯಸ್ಸಾದ ಹೆಂಗಸು, ಹತ್ತಿರ ಬಂದು ನಿಂತರು. 'ಚೈ' ಅಂದರೆ ಮನೆ, 'ನೊವೆತ್' ಅಂದರೆ ಹೊಸದು ಅಂದರು.

ನಾನು ಗದಗದ ಕಡೆಯವಳು. ನನ್ನ ತವರಿನ ಅಡ್ಡಹೆಸರು ಹೊಸಮನಿ.

ಅವರಿಗೆ ಅದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಕಟ್ಟಿತ್ತು. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ನಿಮ್ಮ ಕಡೆ ಇನ್ನೇನು ಹೆಸರುಗಳಿವೆ ಅಂತ ಕೇಳಿದರು. ಕಂಬಾರ ಅಂದೆ. ನಮ್ಮಲ್ಲಿ ಆಂಗೋವ್, ಅದೇ ಅರ್ಥ ಅಂದರು. ಒಕ್ಕಲಿಗ ಅಂದರೆ ಬೇಸಾಯದವನು ಅಂದೆ. ಟಯಾಕ್ ಅಂದರು. ಅವರು ಚೆಗ್ವಿಡನ್ ಅಂದರೆ ಬಿಳಿ ಮನೆ ಅಂದರು. ನಾನು ದೊಡ್ಡಮನಿ, ಹಳೇಮನಿ ಅಂದೆ. ಹೀಗೇ ಹತ್ತು ನಿಮಿಷ ನಡೆಯಿತು.

ಅವರೇ ಇನ್ನೊಂದು ಹೇಳಿದರು. ಕಾರ್ನಿಷ್‌ನಲ್ಲಿ ಪದಗಳು ಸೇರುವಾಗ ಕ, ತ, ಪಗಳು ಗ, ದ, ಬ ಆಗುತ್ತವಂತೆ. 'ಕಾತ್' ಅಂದರೆ ಬೆಕ್ಕು, 'ಆ ಬೆಕ್ಕು' ಅನ್ನುವಾಗ 'ಅನ್ ಗಾತ್'. ಶಾಲೆಯಲ್ಲಿ ಓದಿದ ಆದೇಶ ಸಂಧಿ ನೆನಪಾಯಿತು. ಹಳೆ ಕನ್ನಡ ಹಳಗನ್ನಡ ಆಗಲ್ವಾ, ಹಾಗೇ. ಭಾಷೆಗಳಿಗೆ ಏನೂ ಸಂಬಂಧವಿಲ್ಲ, ನಾಲಿಗೆ ಹೊರಳುವ ರೀತಿ ಒಂದೇ. ಕಾರ್ನಿಷ್‌ನ ಸೋದರ ಭಾಷೆಗಳಾದ ವೆಲ್ಷ್, ಬ್ರೆಟನ್‌ಗಳಲ್ಲಿ ಮನೆಗೆ 'ಟಿ' ಅನ್ನುತ್ತಾರೆ, ಕಾರ್ನಿಷ್‌ನಲ್ಲಿ ಅದು 'ಚೈ' ಆಗಿದೆ. ನಮ್ಮ ಕಿವಿ ತಮಿಳಿನಲ್ಲಿ ಚೆವಿ ಆದ ಹಾಗೆ. ಕಾರ್ನಿಷ್ ಮನೆಮಾತಾಗಿ 18ನೇ ಶತಮಾನದ ಕೊನೆಗೆ ಹೆಚ್ಚುಕಡಿಮೆ ನಿಂತುಹೋಗಿತ್ತು. ಆಮೇಲೆ ಜನ ಅದನ್ನು ಮತ್ತೆ ಕಲಿತರು. 2002ರಲ್ಲಿ ಬ್ರಿಟಿಷ್ ಸರ್ಕಾರ ಅದಕ್ಕೆ ಮಾನ್ಯತೆ ಕೊಟ್ಟಿತು. ಮಾತು ನಿಂತ ಮೇಲೂ ಆ ಎರಡು ಪದಗಳನ್ನು ಅತ್ತೆಯ ಮನೆಯವರು ಅರ್ಥ ಗೊತ್ತಿಲ್ಲದೆ ಚಾಂಪಿಯನ್ ರೀಫ್‌ವರೆಗೆ ಹೊತ್ತುಕೊಂಡು ಬಂದಿದ್ದರು.

ಮರುದಿನ ಆಸೆಯೊಂದು ಮುರಿಯಿತು. ನಕ್ಷೆಯಲ್ಲಿ ಕಂಡ ಹೊಲಮನೆಯೇ ನಮ್ಮ ಮೂಲ ಅಂದುಕೊಂಡಿದ್ದೆ. ಹಾಗೆ ಹೇಳಕ್ಕಾಗಲ್ಲ ಅಂದರು ಅದೇ ಅಮ್ಮ. ಈ ಹೆಸರಿನ ಹೊಲಮನೆಗಳು ಕಾರ್ನ್‌ವಾಲ್‌ನಲ್ಲಿ ಒಂದಲ್ಲ, ಹಲವು. ಯಾರು ಹೊಸ ಮನೆ ಕಟ್ಟಿದರೂ ಊರವರು ಹಾಗೇ ಕರೆಯುತ್ತಿದ್ದರು. ಅಲ್ಲಿ ಇದ್ದವರಿಗೆ ಅದೇ ಅಡ್ಡಹೆಸರು. ಬೇರೆ ಹೊಲಮನೆಗೆ ಹೋದರೆ ಹೆಸರೂ ಬದಲಾಗುವುದು 16ನೇ ಶತಮಾನದಲ್ಲೂ ಇತ್ತು. 1641-42ರಲ್ಲಿ ಪ್ಯಾರಿಷ್‌ವಾರು (ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಗೆ ಒಂದರಂತೆ) ಗಂಡಸರ ಸಹಿ ಹಾಕಿಸಿದ ಪಟ್ಟಿಗಳು ಕಾರ್ನ್‌ವಾಲ್‌ಗೆ ಚೆನ್ನಾಗಿ ಉಳಿದಿವೆ. ಅದರಲ್ಲಿ ಈ ಹೆಸರು ಬೇರೆ ಬೇರೆ ಪ್ಯಾರಿಷ್‌ಗಳಲ್ಲಿ ಕಂಡಿತು. ಹೆಸರು ಅಪರೂಪ, ಅದಕ್ಕೆ ಮೂಲವೂ ಒಂದೇ ಇರಬೇಕು ಅನ್ನೋ ನನ್ನ ಲೆಕ್ಕವೇ ತಪ್ಪಿತ್ತು. ಗದಗದ ಹೊಸಮನಿಯವರಿಗೂ ಕಲಬುರಗಿಯ ಹೊಸಮನಿಯವರಿಗೂ ನಂಟಿರಬೇಕು ಅಂತ ನಾವು ಯಾರೂ ಅಂದುಕೊಳ್ಳಲ್ಲ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು.

ಚರ್ಚಿನ ದಾಖಲೆಯಲ್ಲಿ ಒಂದೊಂದೇ ತಲೆಮಾರು ಹಿಂದೆ ಹೋದೆ. ಇಲ್ಲಿ ಎರಡು ಎಚ್ಚರಿಕೆ. ಅಜ್ಜನಂಥ ಗಣಿಯವರು ಬಹಳ ಮಂದಿ ಮೆಥಡಿಸ್ಟರು. ಅವರ ದೀಕ್ಷಾಸ್ನಾನ ಊರಿನ ದೊಡ್ಡ ಚರ್ಚಿನ ಪುಸ್ತಕದಲ್ಲಿ ಇಲ್ಲದೇ ಇರಬಹುದು, ಅವರದೇ ಪ್ರಾರ್ಥನಾ ಮಂದಿರವಾದ ಚಾಪೆಲ್‌ನ ಪುಸ್ತಕ ಬೇರೆ ಕೇಳಬೇಕು. ಇನ್ನೊಂದು, 1752ರವರೆಗೆ ಇಂಗ್ಲೆಂಡಿನ ಹೊಸ ವರ್ಷ ಮಾರ್ಚ್ 25ಕ್ಕೆ. 1741ರ ಡಿಸೆಂಬರ್ ಆದ ಮೇಲೆ 1741ರದ್ದೇ ಜನವರಿ ಬರುತ್ತೆ. ನಾನು ಒಂದು ಮಗುವನ್ನು ತಂದೆತಾಯಿಯ ಮದುವೆಗೆ ಮೊದಲೇ ಹುಟ್ಟಿದೆ ಅಂತ ಪಕ್ಕಕ್ಕೆ ಇಟ್ಟಿದ್ದೆ. ಅದೇ ಸರಿಯಾದ ಮಗು.

ಆ ಮಗುವಿನ ತಂದೆಯ ಹತ್ತಿರ ದಾರಿ ನಿಂತಿತು. ಅಕ್ಕಪಕ್ಕದ ಎರಡು ಪ್ಯಾರಿಷ್‌ಗಳಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗರು, ಎರಡು ವರ್ಷದ ಅಂತರ. ಯಾರು ನಮ್ಮವರು ಅಂತ ಹೇಳುವ ಒಂದು ಉಯಿಲು, ಒಂದು ಗೇಣಿ ಪತ್ರ ಸಿಗಲಿಲ್ಲ. ಜೂನ್, ಜುಲೈ ಪೂರ್ತಿ ಅದರ ಮೇಲೇ ಕೂತೆ. ಆಗಸ್ಟ್‌ನಲ್ಲಿ ಇಬ್ಬರ ಹೆಸರನ್ನೂ ಬರೆದು ಅಲ್ಲಿಗೆ ಗೆರೆ ಎಳೆದೆ. ಊಹೆ ಮಾಡಿ ಒಬ್ಬರನ್ನು ಸೇರಿಸಿಬಿಟ್ಟರೆ ಮುಂದಿನವರು ಅದನ್ನೇ ನಿಜ ಅಂತ ನಂಬುತ್ತಾರೆ. ದಯವಿಟ್ಟು ನೀವೂ ಹಾಗೆ ಮಾಡಬೇಡಿ.

ಖರ್ಚಿನ ಲೆಕ್ಕ ಕೇಳುವವರಿಗೆ: ಎರಡು ಸರ್ಟಿಫಿಕೇಟ್, ಒಂದು ಚಿತ್ರ ಸೇರಿ 28 ಪೌಂಡ್, ಎರಡು ತಿಂಗಳ ಚಂದಾ 40, ರೈಲು 118, ಎರಡು ರಾತ್ರಿ ವಸತಿ 170, ಪ್ರತಿಗಳಿಗೆ 18. ಒಟ್ಟು 374 ಪೌಂಡ್. ಡಿಎನ್ಎ ಪರೀಕ್ಷೆ ಮಾಡಿಸಲಿಲ್ಲ. ಅಡ್ಡಹೆಸರಿನ ದಾರಿ ಹಿಡಿಯಬೇಕಾದರೆ ಗಂಡುಮಕ್ಕಳ ವೈ ಕ್ರೋಮೋಸೋಮ್ ಬೇಕು. ಅದಿರೋದು ಪರ್ತ್‌ನಲ್ಲಿರುವ ಅತ್ತೆಯ ತಮ್ಮನ ಹತ್ತಿರ. ಅವರಿಗೆ ಪತ್ರ ಬರೆದಿದ್ದೇನೆ.

ಅರ್ಥ ಗೊತ್ತಾದ ದಿನವೇ ಅತ್ತೆಗೆ ಫೋನ್ ಮಾಡಿದ್ದೆ. ಹೊಸ ಮನೆ ಅಂದಾಗ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ತಮ್ಮ ಹಳೇ ಪಕ್ಕದ ಮನೆಯವರನ್ನೆಲ್ಲ ನೆನೆದುಕೊಂಡು ಅವರ ಹೆಸರಿನ ಅರ್ಥ ಕೇಳಲು ಶುರು ಮಾಡಿದರು. ಅದರಲ್ಲಿ ಕ್ಸೇವಿಯರ್ ಒಂದು. ಅದನ್ನೂ ಹುಡುಕಿದೆ. ಅದು ಬಾಸ್ಕ್ ಭಾಷೆಯ ಎಚೆಬೆರಿಯಿಂದ ಬಂದದ್ದು. ಅದರ ಅರ್ಥವೂ ಹೊಸ ಮನೆಯೇ.

ಅಜ್ಜನ ಸಮಾಧಿ ಕೆಜಿಎಫ್‌ನಲ್ಲಿದೆ. ಕಲ್ಲಿನ ಅಕ್ಷರ ಮಾಸಿದೆಯಂತೆ. ಅಜ್ಜನ ಕಲ್ಲಿಗೂ ಅವರ ಮಗನ ಕಲ್ಲಿಗೂ 'ವೈ' ಬರೆಸೋಣವಾ ಅಂತ ಕೇಳಿದೆ. "ಬೇಡ ಕಣ್ಣು," ಅಂದರು ಅತ್ತೆ, "ನಮ್ಮಪ್ಪ 'ಇ' ಅಂತಲೇ ಸಹಿ ಹಾಕ್ತಿದ್ದರು. ಅವರ ಕಲ್ಲಿಗೆ ಅದಿರಲಿ. ಅಜ್ಜಂದು ಅವರು ಬರೆದ ಹಾಗೆ ಮಾಡಿಸು." ಜನವರಿಯಲ್ಲಿ ಹೋಗುತ್ತಿದ್ದೇವೆ. ಲಂಟಾನ ಬೆಳೆದುಬಿಟ್ಟಿದೆ, ಬರುವಾಗ ಒಂದು ಗಟ್ಟಿ ಕುಡುಗೋಲು ತಗೊಂಡು ಬಾ ಅಂದಿದ್ದಾರೆ.